ನಾನೇ ಕಿತ್ತಿಟ್ಟ ಇದ್ದಿಲ ಡಬ್ಬಿ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಾನು ಗ್ಯಾರೇಜಿನ ಶಟರ್ ಎತ್ತುವಷ್ಟರಲ್ಲಿ ಆ ಬಿಳಿ ವ್ಯಾನ್ ಬಂದು ನಿಂತಾಗಿತ್ತು. ಶಿರಸಿಯಿಂದ ಇಸಳೂರಿಗೆ ಹೋಗುವ ರಸ್ತೆಯ ಬದಿಗಿದೆ ನನ್ನ ಗ್ಯಾರೇಜು. ವ್ಯಾನು ಇಡಗುಂದಿಯ ಜೇನು ಸಾಕುವ ಅಕ್ಕನದು. ವಾರಕ್ಕೊಮ್ಮೆ ಜೇನುತುಪ್ಪ ಮಾರಲು ಶಿರಸಿಗೆ ಬರುವಾಗ ಗಾಡಿಯ ಸಣ್ಣಪುಟ್ಟ ರಿಪೇರಿಯನ್ನೂ ನನ್ನ ಹತ್ತಿರವೇ ಮಾಡಿಸಿಕೊಂಡು ಹೋಗುತ್ತಿದ್ದರು. ಐವತ್ತು ದಾಟಿದ ಹೆಂಗಸು. ವ್ಯಾನನ್ನು ಸ್ವತಃ ಓಡಿಸುತ್ತಾರೆ. ಯಾರ ಜೊತೆ ಮಾತಾಡಿದರೂ ತಮ್ಮ ಮನೆಮಾತನ್ನೇ ಆಡುತ್ತಾರೆ.

“ಬರ್ರಿ ಅಕ್ಕಾ, ಏನಾಗೇತಿ ಗಾಡಿಗೆ?” ಎಂದೆ.

“ಗಾಡಿಗೆ ಎಂತೂ ಆಯ್ದಿಲ್ಲೆ ತಮ್ಮಾ. ಯನ್ನ ಹುಳ ಸತ್ತೋತು” ಎಂದರು.

ಹಿಂಬಾಗಿಲು ಎತ್ತಿದರು. ಒಳಗೊಂದು ಜೇನುಪೆಟ್ಟಿಗೆ ಇತ್ತು. ಮುಚ್ಚಳ ತೆಗೆದಾಗ ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಹುಳಗಳು ರಾಶಿ ಬಿದ್ದಿದ್ದವು. ಅಲುಗಾಟವಿಲ್ಲ. ಅಷ್ಟೊಂದು ಜೇನುಹುಳಗಳನ್ನು ಸದ್ದಿಲ್ಲದೆ ನೋಡಿದ್ದು ನಾನು ಅದೇ ಮೊದಲು.

ಇಡಗುಂದಿ ಕಡೆಯ ಕಾಡಿನ ಹೂವು ಮುಗಿಯುತ್ತ ಬಂದಿತ್ತು. ದಾಸನಕೊಪ್ಪದ ಹತ್ತಿರ ಹಳ್ಳದ ಸಾಲಿನಲ್ಲಿ ಹೊಂಗೆ ಮರಗಳು ಹೂ ಬಿಟ್ಟಿದ್ದವು. ಅಲ್ಲಿ ಪರಿಚಯದವರ ಹೊಲದಲ್ಲಿ ಪೆಟ್ಟಿಗೆ ಇಡಲು ಜಾಗ ಕೇಳಿಕೊಂಡು, ಹಿಂದಿನ ದಿನ ಆರು ಪೆಟ್ಟಿಗೆಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಹೋಗಿದ್ದರಂತೆ. ಐದು ಚೆನ್ನಾಗಿಯೇ ಮುಟ್ಟಿದವು. ಎಡಗಡೆಯ ಮೂಲೆಯಲ್ಲಿದ್ದ ಒಂದು ಮಾತ್ರ ಹೀಗಾಯಿತು.

“ಮನೇಲಿ ಇನ್ನೂ ಹನ್ನೆರಡು ಪೆಟ್ಟಿಗೆ ಇದ್ದು. ಹತ್ತು ದಿನದಲ್ಲಿ ಸಾಗ್ಸವು, ಇಲ್ದೋದ್ರೆ ಹೊಂಗೆ ಹೂವು ಉದುರ್ತು. ಹುಳ ಹೇಳಿದ್ರೆ ಬೇರೆ ಗಾಡಿಯವ್ವು ಯಾರೂ ಬತ್ವಿಲ್ಲೆ. ಇದರ ಒಳಗೆ ಎಂತದೋ ವಾಸನೆ ಇದ್ದು. ನೋಡು” ಎಂದರು.

ಮೂಗು ಒಡ್ಡಿದೆ. ಜೇನುಮೇಣದ ವಾಸನೆಯ ಅಡಿಯಲ್ಲಿ ತೆಳ್ಳಗೆ ಪೆಟ್ರೋಲ್. ದಿನವಿಡೀ ಪೆಟ್ರೋಲಿನಲ್ಲೇ ಕೈ ಅದ್ದುವ ನನಗೆ ಅದು ತಟ್ಟನೆ ಗೊತ್ತಾಗುವುದೂ ಇಲ್ಲ. ಎಡಮೂಲೆಯ ನೆಲದಲ್ಲಿ ಎರಡು ತೂತುಗಳಿದ್ದವು. ಪೆಟ್ಟಿಗೆಗಳಿಗೆ ಜಾಗ ಸಾಲದೆಂದು ಎರಡು ತಿಂಗಳ ಹಿಂದೆ ಹಿಂದಿನ ಸೀಟು ಬಿಚ್ಚಿಸಿದ್ದರು. ಅದರ ಬೋಲ್ಟಿನ ತೂತುಗಳು ಅವು.

ವ್ಯಾನನ್ನು ಜಾಕಿನ ಮೇಲೆ ಎತ್ತಿ, ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದೆ. ತೂತುಗಳ ನೇರಕ್ಕೆ ಟ್ಯಾಂಕಿನಿಂದ ಬಂದ ಒಂದು ರಬ್ಬರ್ ಪೈಪು ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಅದರ ಪಕ್ಕದಲ್ಲಿ ಇಂಜಿನ್ ಕಡೆಗೆ ಹೋಗುವ ಇನ್ನೊಂದು ಪೈಪು. ಅದರ ಬಾಯಿಗೆ ಒಂದು ಬೋಲ್ಟ್ ತುರುಕಿ, ಮೇಲೆ ತಂತಿಯನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಎಡಕ್ಕೆ ಮಡಚಿ ಬಿಗಿದಿತ್ತು.

ತಂತಿಯನ್ನು ಎಡಕ್ಕೆ ಮಡಚುವವನು ನಾನೇ. ನಾನು ಎಡಚ.

ಎರಡು ವರ್ಷಗಳ ಹಿಂದಿನದೆಲ್ಲ ನೆನಪಾಯಿತು. ಪೆಟ್ರೋಲ್ ಹಾಕಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂದು ಇದೇ ವ್ಯಾನ್ ಬಂದಿತ್ತು. ಟ್ಯಾಂಕಿನ ಮಗ್ಗುಲಲ್ಲಿ ಕಪ್ಪು ಪ್ಲಾಸ್ಟಿಕ್ಕಿನ, ಒಂದು ಸೇರಿನಷ್ಟು ದೊಡ್ಡ ಡಬ್ಬಿ ಇರುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕೆ ಕ್ಯಾನಿಸ್ಟರ್ ಎನ್ನುತ್ತೇವೆ. ಅದು ಕಾನೂನಿಗೆ ಹೆದರಿ ಕಂಪನಿಯವರು ಇಟ್ಟ ವಸ್ತು, ಗಾಡಿಗೆ ಅದರಿಂದ ಉಪಯೋಗವಿಲ್ಲ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ನಾನೂ ನಂಬಿದ್ದೆ. ಡಬ್ಬಿ ಕಿತ್ತು ಪೈಪಿಗೆ ಬೋಲ್ಟ್ ಬಡಿದೆ. ಸ್ಟಾರ್ಟಿಂಗ್ ತೊಂದರೆ ಅಲ್ಲಿಗೆ ನಿಂತಿತ್ತು. ಅಕ್ಕ ಖುಷಿಯಿಂದ ಒಂದು ಬಾಟಲಿ ಜೇನುತುಪ್ಪ ಕೊಟ್ಟು ಹೋಗಿದ್ದರು.

ಗಾಡಿಯ ಕೆಳಗಿನಿಂದ ಹೊರಗೆ ಬರಲು ಸ್ವಲ್ಪ ಹೊತ್ತು ತೆಗೆದುಕೊಂಡೆ.

“ಎಂತ ಕಂಡ್ತು?” ಎಂದು ಕೇಳಿದರು.

“ಪೈಪು ಬಿಚ್ಚಿಕೊಂಡೇತ್ರಿ. ಒಂದು ಡಬ್ಬಿ ಹೊಸಾದು ಹಾಕಬೇಕು” ಎಂದೆ. ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಅವರು ಸತ್ತ ಪೆಟ್ಟಿಗೆಯನ್ನು ಮತ್ತೆ ಮುಚ್ಚಿ, ಗಾಡಿ ನನ್ನಲ್ಲೇ ಬಿಟ್ಟು ಬಸ್ ಹತ್ತಿ ಹೋದರು.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೊಸ ಕ್ಯಾನಿಸ್ಟರ್ ತರಿಸಿದೆ. ಮೂರು ನಳಿಗೆಗಳ ಡಬ್ಬಿ. ಒಂದು ಟ್ಯಾಂಕಿಗೆ, ಒಂದು ಇಂಜಿನ್ನಿಗೆ, ಮೂರನೆಯದು ಬರಿಯ ಗಾಳಿಗೆ. ಬೋಲ್ಟ್ ಕಿತ್ತು ಬದಿಗಿಟ್ಟು, ಹೊಸ ಪೈಪು ಹಾಕಿ, ಕ್ಲಿಪ್ಪು ಬಿಗಿದೆ. ನೆಲದ ತೂತುಗಳಿಗೆ ರಬ್ಬರ್ ಬಿರಡೆ ಒತ್ತಿದೆ. ವಾಸನೆ ಹೋಯಿತು. ಮಾರನೆಯ ದಿನ ಅಕ್ಕ ಬಂದು ಗಾಡಿ ಒಯ್ದರು. ನನ್ನ ತಪ್ಪು ಯಾರಿಗೂ ತಿಳಿಯದೆ ಮುಚ್ಚಿಹೋಯಿತು ಎಂದುಕೊಂಡೆ.

ಎರಡು ತಾಸಿನಲ್ಲಿ ಫೋನ್ ಬಂತು. ಯಲ್ಲಾಪುರದಲ್ಲಿ ಟ್ಯಾಂಕ್ ತುಂಬಿಸಿದ್ದಾರೆ, ಗಾಡಿ ಸ್ಟಾರ್ಟ್ ಆಗುತ್ತಿಲ್ಲ. ಹೇಗೋ ಆದರೂ ನಡುಗಿ ನಿಂತುಬಿಡುತ್ತದೆ.

ಬೈಕಿನಲ್ಲಿ ಹೋದೆ. ಪೆಟ್ರೋಲಿನಲ್ಲಿ ನೀರು ಸೇರಿರಬೇಕು ಎಂದು ಮೊದಲು ಅನುಮಾನಿಸಿ ಬಾಟಲಿಯಲ್ಲಿ ಹಿಡಿದು ನೋಡಿದೆ. ಶುದ್ಧವಾಗಿತ್ತು. ಪ್ಲಗ್ ಬಿಚ್ಚಿದೆ, ಮಸಿ ಹಿಡಿದು ಒದ್ದೆಯಾಗಿತ್ತು. ಬದಲಿಸಿದೆ. ಗಾಡಿ ಹತ್ತಿಕೊಂಡಿತು, ಐದು ನಿಮಿಷದಲ್ಲಿ ಮತ್ತೆ ನಿಂತಿತು. ಏರ್ ಫಿಲ್ಟರ್ ತೆಗೆದು ನೋಡಿದೆ, ಇಂಜೆಕ್ಟರಿನ ವೈರು ಅಲುಗಾಡಿಸಿದೆ. ಒಂದು ಬೋಲ್ಟ್ ಬಡಿದರೆ ಎಲ್ಲ ಸರಿಹೋಗುತ್ತದೆ ಎಂದು ಕೈ ತುರಿಸುತ್ತಿತ್ತು. ಅಕ್ಕ ಅಂಗಡಿಯೊಂದರ ನೆರಳಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

ಯಲ್ಲಾಪುರದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ಭಾಯಿ ಒಬ್ಬರಿದ್ದಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಮಾತು ಕಡಿಮೆ. ನಾಚಿಕೆ ಬಿಟ್ಟು ಅವರನ್ನು ಕರೆದೆ. ಅವರು ಬಂದವರೇ ಪ್ಲಗ್ಗನ್ನಾಗಲಿ ಪೆಟ್ರೋಲನ್ನಾಗಲಿ ಮುಟ್ಟಲಿಲ್ಲ. ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ಪೈಪಿನ ನಡುವೆ ಹೆಬ್ಬೆರಳಿನಷ್ಟು ದೊಡ್ಡದಾದ ಒಂದು ವಾಲ್ವ್ ಇತ್ತು. ಅದನ್ನು ಬಿಚ್ಚಿ, ಕರವಸ್ತ್ರದಿಂದ ಒರೆಸಿ ನನ್ನ ಕೈಗಿತ್ತರು.

“ಊದಿ ನೋಡು ಭಾಯಿ.”

ಊದಿದೆ. ಗಾಳಿ ಸಲೀಸಾಗಿ ಆಚೆ ಹೋಯಿತು.

“ಕರೆಂಟ್ ಇಲ್ದಾಗ ಇದು ಬಂದ್ ಇರಬೇಕು. ಇದು ಯಾವಾಗ್ಲೂ ಖುಲ್ಲಾನೇ ಅದೆ. ಟ್ಯಾಂಕ್ ತುಂಬಿಸ್ದಾಗ ಒಳಗಿನ ಆವಿ ಎಲ್ಲಾ ಡಬ್ಬಿಗೆ ಬರ್ತದೆ. ಡಬ್ಬಿಯಿಂದ ಸೀದಾ ಇಂಜಿನ್ನಿಗೆ. ಊಟದ ಮೇಲೆ ಊಟ ಬಡಿಸಿದ್ರೆ ಯಾರು ಉಣ್ತಾರೆ?” ಎಂದರು. ಆಮೇಲೆ ದನಿ ತಗ್ಗಿಸಿ, “ಇದು ಹಳೇ ಬೀಮಾರಿ. ಮೊದ್ಲೂ ಇತ್ತಲ್ಲ?” ಎಂದರು.

ಇತ್ತು. ಎರಡು ವರ್ಷಗಳ ಹಿಂದೆ ಕೆಟ್ಟಿದ್ದು ಈ ಹೆಬ್ಬೆರಳು ಗಾತ್ರದ ವಾಲ್ವು. ಅದನ್ನು ಬಿಟ್ಟು ನಾನು ಕಿತ್ತದ್ದು ನೆಟ್ಟಗಿದ್ದ ಡಬ್ಬಿಯನ್ನು.

ಹೊಸ ವಾಲ್ವ್ ಬರುವವರೆಗೆ ತಾತ್ಕಾಲಿಕವಾಗಿ ಆ ಪೈಪನ್ನು ಮುಚ್ಚಿ ಗಾಡಿಯನ್ನು ಶಿರಸಿಗೆ ತಂದೆ. ವಾಲ್ವ್ ಬಂದ ದಿನ ಭಾಯಿಯೂ ತಮ್ಮ ಸ್ಕ್ಯಾನರ್ ಹಿಡಿದುಕೊಂಡು ಗ್ಯಾರೇಜಿಗೆ ಬಂದರು. ಅದನ್ನು ಗಾಡಿಯ ಕಂಪ್ಯೂಟರಿಗೆ ಜೋಡಿಸಿದರೆ ಒಳಗೆ ನಡೆಯುವುದೆಲ್ಲ ಪರದೆಯ ಮೇಲೆ ಗೆರೆಗಳಾಗಿ ಕಾಣುತ್ತದೆ. ಇಂಜಿನ್ ಬಿಸಿಯಾಗುವವರೆಗೆ ಏನೂ ಆಗಲಿಲ್ಲ. ಆಮೇಲೆ ವಾಲ್ವಿನಿಂದ ಟಿಕ್, ಟಿಕ್ ಎಂಬ ಸಣ್ಣ ಸದ್ದು ಶುರುವಾಯಿತು. ಪರದೆಯ ಮೇಲೆ ವಾಲ್ವಿನ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಅದರ ಕೆಳಗೆ ಇಂಜಿನ್ನಿಗೆ ಸಿಡಿಯುವ ಪೆಟ್ರೋಲಿನ ಗೆರೆ ಅಷ್ಟಷ್ಟೇ ಇಳಿಯತೊಡಗಿತು.

“ಡಬ್ಬಿಯಿಂದ ಎಷ್ಟು ಬಂತು ಅಂತ ಹೊಗೆ ಪೈಪಿನ ಸೆನ್ಸರ್ ನೋಡಿ ಹೇಳ್ತದೆ. ಕಂಪ್ಯೂಟರ್ ಅಷ್ಟು ಪೆಟ್ರೋಲ್ ಕಮ್ಮಿ ಹಾಕ್ತದೆ” ಎಂದರು ಭಾಯಿ.

ಇಪ್ಪತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹಾರಿಹೋಗಬೇಕಿದ್ದ ಆವಿಯನ್ನು ಹಿಡಿದಿಟ್ಟು, ಬೇಕಾದ ಹೊತ್ತಿಗೆ ಹನಿಹನಿಯಾಗಿ ಎಳೆದುಕೊಂಡು ಉರಿಸುವ ಈ ಕೆಲಸ ನನ್ನ ಮೂಗಿನ ಕೆಳಗೇ ನಡೆಯುತ್ತಿತ್ತು. ನಾನು ಅದರ ಬಾಯಿಗೆ ಬೋಲ್ಟ್ ಬಡಿಯುತ್ತ ಬಂದಿದ್ದೆ.

ಭಾಯಿ ಹೋದ ಮೇಲೆ ಗುಜರಿ ರಾಶಿಯಲ್ಲಿ ಕೈಯಾಡಿಸಿ ಅಂಥದೇ ಒಂದು ಹಳೆಯ ಡಬ್ಬಿಯನ್ನು ಹುಡುಕಿ ತೆಗೆದೆ. ವರ್ಷಗಟ್ಟಲೆ ಬಿಸಿಲುಗಾಳಿಗೆ ಬಿದ್ದು ಅದರಲ್ಲಿ ಆವಿಯ ಸುಳಿವೂ ಉಳಿದಿರಲಿಲ್ಲ. ಆದರೂ ಕಿಡಿ ಹಾರದಂತೆ ಕೈಗರಗಸದಿಂದ ನಿಧಾನ ಕೊಯ್ದೆ. ಒಳಗೆ ಇದ್ದಿಲು, ಬರಿಯ ಇದ್ದಿಲು. ಮೆಣಸಿನಕಾಳಿಗಿಂತ ಸಣ್ಣ ಕಾಳುಗಳು ಸರಸರನೆ ಪತ್ರಿಕೆಯ ಮೇಲೆ ಸುರಿದವು. ಇಸ್ತ್ರಿಪೆಟ್ಟಿಗೆಗೆ ಹಾಕುವ ಇದ್ದಿಲಿಗೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಹೆಚ್ಚೇನಿಲ್ಲ. ಆದರೆ ಇದನ್ನು ವಿಶೇಷ ರೀತಿಯಲ್ಲಿ ಸುಟ್ಟು ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗುವಂತೆ ಮಾಡಿರುತ್ತಾರಂತೆ. ಒಂದು ಚಮಚ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಅರ್ಧ ಎಕರೆ ಗದ್ದೆಯನ್ನು ಮುಚ್ಚಬಹುದು ಎಂದು ಫೋನಿನಲ್ಲಿ ಓದಿ, ನಂಬಲಾರದೆ ಎರಡನೆಯ ಸಲ ಓದಿದೆ. ಪೆಟ್ರೋಲಿನ ಆವಿ ಆ ಗೋಡೆಗಳಿಗೆ ಅಂಟಿಕೊಂಡು ಕೂರುತ್ತದೆ. ಇಂಜಿನ್ ಓಡುವಾಗ ಮೂರನೆಯ ನಳಿಗೆಯಿಂದ ಹೊಸ ಗಾಳಿ ಒಳಬಂದು ಅದನ್ನು ಬಿಡಿಸಿಕೊಂಡು ಹೋಗುತ್ತದೆ. ಡಬ್ಬಿ ಖಾಲಿಯಾಗಿ ಮತ್ತೆ ಕಾಯುತ್ತದೆ.

ಕಾಳುಗಳನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಾಗ ತೀರ್ಮಾನ ಮಾಡಿದೆ. ಗಾಡಿ ಸರಿಯಾಗಿದೆ ಎಂದು ಬರಿ ಬಾಯಲ್ಲಿ ಹೇಳಿ ಅಕ್ಕನಿಗೆ ಒಪ್ಪಿಸುವುದಿಲ್ಲ. ಯಾರ ತಪ್ಪು ಎಂಬುದನ್ನೂ ಹೇಳಿಯೇ ಒಪ್ಪಿಸುತ್ತೇನೆ.

ಅಕ್ಕನಿಗೆ ಫೋನ್ ಮಾಡಿ ಬರುವಾಗ ಜೇನು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತರಲು ಹೇಳಿದೆ. ಮೊದಲ ಬಸ್ಸಿಗೇ ಬಂದರು. ಮೊದಲು ಕೊಯ್ದ ಡಬ್ಬಿ ತೋರಿಸಿದೆ. ಆಮೇಲೆ, ಬಿಸಾಡದೆ ಇಟ್ಟಿದ್ದ ಆ ಬೋಲ್ಟನ್ನು ಬೆಂಚಿನ ಮೇಲಿಟ್ಟೆ.

“ಎರಡು ವರ್ಷದ ಹಿಂದ ನಿಮ್ಮ ಗಾಡಿಯಿಂದ ಡಬ್ಬಿ ಕಿತ್ತವನು ನಾನೇ ಅಕ್ಕಾ. ಬೇಡದ ವಸ್ತು ಅಂತ ತಿಳಿದಿದ್ದೆ. ಟ್ಯಾಂಕಿನ ಪೈಪು ಬಾಯಿ ತೆಗೆದು ಬಿಟ್ಟವನೂ ನಾನೇ. ಮೊನ್ನೆ ನಿಮಗ ಅರ್ಧ ಮಾತ್ರ ಹೇಳಿದೆ.”

ಅವರು ಬೋಲ್ಟನ್ನು ತೆಗೆದು ತಿರುಗಿಸಿ ನೋಡಿದರು.

“ಎರಡು ವರ್ಷ ಆನು ಅದೇ ಗಾಳಿ ಕುಡದ್ದಿ ಅಲ್ದಾ? ಗಾಡಿ ಹತ್ತಿದ್ರೆ ತಲೆನೋವು ಹೇಳಿ ಎರಡು ಸಲ ಕನ್ನಡಕ ಬದಲು ಮಾಡಿದ್ದಿ” ಎಂದರು.

ಬಯ್ದಿದ್ದರೆ ಹಗುರವಾಗುತ್ತಿತ್ತೇನೋ. ಅವರು ಬಯ್ಯಲಿಲ್ಲ. “ತಕ್ಕಡಿ ಎಂತಕ್ಕೆ ತರ್ಸಿದ್ದು?” ಎಂದು ಕೇಳಿದರು.

ಹೊಸ ಡಬ್ಬಿಯನ್ನು ಬಿಚ್ಚಿ ತೂಗಿದೆವು. ತೂಕವನ್ನು ಅವರೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಮತ್ತೆ ಜೋಡಿಸಿ, ವ್ಯಾನನ್ನು ಬಿಸಿಲಿಗೆ ನಿಲ್ಲಿಸಿದೆ. ಸಂಜೆ ನಾಲ್ಕಕ್ಕೆ ಬಿಚ್ಚಿ ತೂಗಿದರೆ ಹದಿನಾಲ್ಕು ಗ್ರಾಂ ಹೆಚ್ಚು ಬಂತು. ಗಾಡಿ ನಿಂತಲ್ಲೇ ನಿಂತಿತ್ತು. ಯಾರೂ ಮುಟ್ಟಿರಲಿಲ್ಲ. ಬಿಸಿಲಿಗೆ ಟ್ಯಾಂಕಿನಿಂದ ಎದ್ದ ಆವಿ, ಕಣ್ಣಿಗೆ ಕಾಣದ ವಸ್ತು, ತಕ್ಕಡಿಯ ಮೇಲೆ ಅಂಕಿಯಾಗಿ ಕೂತಿತ್ತು.

“ಇಷ್ಟೂ ಗಾಳಿಗೆ ಹೋಗ್ತಿತ್ತನಾ?”

“ಹೌದ್ರಿ. ದಿನಾ. ನಿಮ್ಮ ಗಾಡಿ ಒಂದರಿಂದ.”

ರಸ್ತೆಯ ಆಚೆ ಬಿಸಿಲಲ್ಲಿ ಸಾಲಾಗಿ ನಿಂತಿದ್ದ ಕಾರುಗಳತ್ತ ಇಬ್ಬರೂ ನೋಡಿದೆವು. ಒಂದೊಂದರ ಹೊಟ್ಟೆಯಲ್ಲೂ ಪೆಟ್ರೋಲ್ ಕಾಯುತ್ತ, ಏಳುತ್ತ, ಒಂದೊಂದು ಡಬ್ಬಿಯ ಇದ್ದಿಲು ಅದನ್ನು ಸದ್ದಿಲ್ಲದೆ ತಡೆದು ಹಿಡಿಯುತ್ತ ಇರಬೇಕು. ಇಲ್ಲದಿದ್ದರೆ ಅದೆಲ್ಲ ಬಿಸಿಲಿಗೆ ಸೇರಿ, ಗಾಳಿ ಕೆಟ್ಟು, ನಮ್ಮ ಎದೆಗೇ ಬರುತ್ತಿತ್ತು. ಅವುಗಳಲ್ಲಿ ನಾನು ಕೈ ಹಾಕಿದ ಗಾಡಿ ಎಷ್ಟಿರಬಹುದು ಎಂಬ ಯೋಚನೆ ಆಗಲೇ ಬಂದದ್ದು.

ಯಲ್ಲಾಪುರ ರಸ್ತೆಯಲ್ಲಿ ಒಂದು ತಾಸು ಗಾಡಿ ಓಡಿಸಿ ಬಂದು ಮೂರನೆಯ ಸಲ ತೂಗಿದೆವು. ಹನ್ನೆರಡು ಗ್ರಾಂ ಇಳಿದಿತ್ತು. ಅಕ್ಕ ಗೋಡೆಯ ಮೇಲಿನ ಮೂರು ಅಂಕಿಗಳನ್ನು ಬೆರಳಿಟ್ಟು ಓದಿದರು.

“ಯನ್ನ ಹುಳ ರೆಕ್ಕೆ ಬೀಸಿ ಬೀಸಿ ಹೂವಿನ ರಸದ ನೀರು ಹಾರಸ್ತ. ಇದು ಹಾರೋದನ್ನ ಹಿಡಿತು. ಇದ್ದಿಲಿಗೆ ಇಷ್ಟು ಬುದ್ಧಿ ಇದ್ದು ಹೇಳಿ ಗೊತ್ತಿತ್ತಿಲ್ಲೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಲೆಕ್ಕ ಸರಿ ಇದ್ದು. ಆದ್ರೆ ಹುಳಕ್ಕೆ ಅಂಕಿ ಓದಲೆ ಬತ್ತಿಲ್ಲೆ. ನಾಡ್ದು ಪೆಟ್ಟಿಗೆ ಒಯ್ಯಕಾದ್ರೆ ನೀನೂ ಬರವು. ಮುಂದಲ್ಲ. ಹಿಂದೆ, ಪೆಟ್ಟಿಗೆ ಸಂತಿಗೆ ಕೂರವು” ಎಂದರು.

“ಬರ್ತೀನ್ರಿ” ಎಂದೆ.

ಹಿಂದಿನ ಸಂಜೆಯೇ ವ್ಯಾನ್ ತೆಗೆದುಕೊಂಡು ಇಡಗುಂದಿಗೆ ಹೋದೆ. ಹೋಗುವಾಗ ಬೇಕೆಂದೇ ಟ್ಯಾಂಕ್ ತುಂಬಿಸಿದೆ. ಬಂಕಿನವನು ಅಭ್ಯಾಸದಂತೆ ಬಾಯಿತನಕ ತುಳುಕಿಸಲು ಹೊರಟಾಗ, ತಾನಾಗಿ ಕಟ್ ಆದ ಕೂಡಲೇ ಸಾಕು ಎಂದು ತಡೆದೆ. ಹಾಗೆ ಉಕ್ಕಿಸಿದರೆ ಪೆಟ್ರೋಲೇ ಡಬ್ಬಿಗೆ ನುಗ್ಗಿ ಇದ್ದಿಲು ನೆನೆದುಹೋಗುತ್ತದೆ. ಇದನ್ನೂ ಆ ವಾರವೇ ಕಲಿತದ್ದು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಬೆಳಕು ಹರಿಯುವಾಗ ಅಕ್ಕ ಪೆಟ್ಟಿಗೆಗಳ ಬಾಯಿಗೆ ಜಾಲರಿ ಕಟ್ಟಿದರು. ಮೊದಲ ಸರದಿಗೆ ಆರು ಪೆಟ್ಟಿಗೆ. ಎಡಮೂಲೆಯಲ್ಲಿ, ಮೊದಲು ಸತ್ತ ಪೆಟ್ಟಿಗೆ ಇದ್ದ ಜಾಗದಲ್ಲೇ, ತಮ್ಮ ಎಲ್ಲಕ್ಕಿಂತ ಬಲವಾದ ಕುಟುಂಬವನ್ನು ಇಟ್ಟರು. ನಾನು ಅದರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ. ಕಿಟಕಿಗಳನ್ನು ಹುಳ ಸತ್ತ ದಿನ ಎಷ್ಟು ತೆರೆದಿದ್ದರೋ ಅಷ್ಟೇ ತೆರೆದರು, ಒಂದು ಬೆರಳು ಹೆಚ್ಚಿಲ್ಲ.

ಯಲ್ಲಾಪುರ ದಾಟಿತು. ಬಿಸಿಲೇರಿತು. ಪ್ರತಿ ತಿರುವಿನಲ್ಲೂ ಪೆಟ್ಟಿಗೆಗಳ ಗುಂಯ್‌ಗುಟ್ಟುವಿಕೆ ಒಮ್ಮೆ ಏರಿ ಇಳಿಯುತ್ತಿತ್ತು. ಶಿರಸಿ ಇನ್ನೂ ದೂರವಿರುವಾಗ ರಸ್ತೆ ದುರಸ್ತಿಗೆಂದು ಗಾಡಿಗಳನ್ನು ತಡೆದಿದ್ದರು. ನಮ್ಮ ಮುಂದೆ ಲಾರಿ, ಹಿಂದೆ ಬಸ್ಸು. ನೆರಳಿಲ್ಲ. ಅರ್ಧ ತಾಸು ಅಲ್ಲೇ ನಿಂತೆವು. ತಗಡಿನ ಮಾಡು ಕಾದು, ನನ್ನ ಅಂಗಿ ಬೆನ್ನಿಗೆ ಅಂಟಿತು. ತುಂಬಿದ ಟ್ಯಾಂಕು ನನ್ನ ಕಾಲಡಿಯಲ್ಲೇ ಇತ್ತು. ಇದಕ್ಕಿಂತ ಕಠಿಣ ಪರೀಕ್ಷೆಯನ್ನು ನಾನಾಗಿ ಒಡ್ಡಲು ಸಾಧ್ಯವಿರಲಿಲ್ಲ.

“ವಾಸನೆ ಬತ್ತಾ?” ಮುಂದಿನಿಂದ ಕೇಳಿದರು.

“ಇಲ್ರಿ.”

ಐದು ನಿಮಿಷ ಬಿಟ್ಟು, “ಈಗ?”

ನನ್ನ ಮೂಗನ್ನು ನಾನೇ ನಂಬಲಿಲ್ಲ. ನೆಲಕ್ಕೆ ಮುಖ ತಾಗಿಸಿ ಬಿರಡೆಯ ಹತ್ತಿರ ಮೂಸಿದೆ. ಧೂಳು, ಬಿಸಿ ರಬ್ಬರ್, ಮೇಣ. ಬೇರೇನಿಲ್ಲ. ಎಡಮೂಲೆಯ ಪೆಟ್ಟಿಗೆಗೆ ಕಿವಿಯಿಟ್ಟೆ. ಒಳಗೆ ಸಾವಿರಾರು ರೆಕ್ಕೆಗಳು ಒಂದೇ ಶ್ರುತಿಯಲ್ಲಿ ಬೀಸುತ್ತಿದ್ದವು. ಜಾಲರಿಯಿಂದ ಹೊರಬರುತ್ತಿದ್ದ ಬೆಚ್ಚನೆಯ ಗಾಳಿ ನನ್ನ ಕೆನ್ನೆಗೆ ತಾಗಿತು. ಹುಳಗಳು ತಮ್ಮ ಮನೆಯನ್ನು ತಾವೇ ತಂಪು ಮಾಡಿಕೊಳ್ಳುತ್ತಿದ್ದವು. ಕೆಳಗೆ ಇದ್ದಿಲು ತನ್ನ ಕೆಲಸ ಮಾಡುತ್ತಿತ್ತು. ಎರಡರ ನಡುವೆ ಒಂದು ತೆಳು ತಗಡಿನ ಮೇಲೆ ನಾನು ಕೂತಿದ್ದೆ.

“ಇಲ್ರಿ ಅಕ್ಕಾ. ಹುಳ ಮಾತಾಡ್ಲಿಕ್ಕೆ ಹತ್ತ್ಯಾವ” ಎಂದೆ.

ದಾಸನಕೊಪ್ಪದಲ್ಲಿ ಹಳ್ಳದ ಬದಿಯ ಹೊಂಗೆ ಮರಗಳ ಕೆಳಗೆ ಪೆಟ್ಟಿಗೆಗಳನ್ನು ಇಳಿಸಿದೆವು. ಅಕ್ಕ ಕೊನೆಯದಾಗಿ ಎಡಮೂಲೆಯ ಪೆಟ್ಟಿಗೆಯ ಜಾಲರಿ ಬಿಚ್ಚಿದರು. ಮೊದಲು ಒಂದು ಹುಳ ಬಾಗಿಲಿಗೆ ಬಂದು, ಮೀಸೆ ಒರೆಸಿಕೊಂಡು, ಹಾರಿತು. ಆಮೇಲೆ ಎರಡು. ಆಮೇಲೆ ಎಣಿಸಲಾಗದಷ್ಟು. ಪೆಟ್ಟಿಗೆಯ ಎದುರು ಸ್ವಲ್ಪ ಹೊತ್ತು ಸುತ್ತಿ, ಹೊಸ ಜಾಗವನ್ನು ನೋಡಿಕೊಂಡು, ಹೂವಿಗೆ ಏರಿದವು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಉಳಿದ ಆರಕ್ಕೆ ಆನೊಬ್ಬಳೇ ಬತ್ತಿ. ನೀನು ಬರದು ಬ್ಯಾಡ” ಎಂದರು. ಅವರು ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ, ಆದರೆ ಗಾಡಿಯನ್ನು ನಂಬಿದ್ದರು.

ಗ್ಯಾರೇಜಿಗೆ ಮರಳಿ ಹಳೆಯ ಕೆಲಸದ ಪುಸ್ತಕ ಹುಡುಕಿ ಕೂತೆ. ನಾನು ಡಬ್ಬಿ ಕಿತ್ತ ಗಾಡಿಗಳು, ನೆನಪಿಗೆ ಸಿಕ್ಕಷ್ಟು, ಒಂಬತ್ತು. ಎರಡು ಮಾರಾಟವಾಗಿ ಎಲ್ಲಿಗೋ ಹೋಗಿದ್ದವು. ಉಳಿದ ಗಾಡಿಗಳ ಮಾಲೀಕರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಬರಲೊಪ್ಪದವರ ಮನೆಗೆ ನಾನೇ ಹೋದೆ.

ಮೊದಲು ಹೋದದ್ದು ಸಿದ್ದಾಪುರಕ್ಕೆ, ನಿವೃತ್ತ ಮೇಷ್ಟ್ರೊಬ್ಬರ ಮನೆಗೆ. ಅಂಗಳದಲ್ಲಿ ಕಾರು ತೊಳೆಯುತ್ತಿದ್ದವರು ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ಅದು ಬರೀ ದಂಡದ ವಸ್ತು, ಗಾಡಿಗೆ ಬೇಡ ಅಂತ ನೀನೇ ಹೇಳಿದ್ದಲ್ಲನೋ ಮಾರಾಯಾ?”

“ಹೌದ್ರಿ ಸರ್, ನಾನೇ ಹೇಳಿದ್ದು” ಎಂದು ಗೋಣಿಚೀಲ ಹಾಸಿ, ಕಾರಿನ ಕೆಳಗೆ ತೂರಿದೆ.